ಮ್ಯಾಟರ್ ಲೋಗೋ ಇದ್ದರೆ ಇಂಟರ್ನೆಟ್ ಇಲ್ಲದೆಯೂ ಮಾತು ಕೇಳುತ್ತದೆಯೇ? ಒಂದು ಸ್ಪಷ್ಟನೆ

"ಮ್ಯಾಟರ್ ಲೋಗೋ ಇರೋ ಬಲ್ಬು, ಫ್ಯಾನು ತಗೊಳ್ಳಿ. ನೆಟ್ ಹೋದರೂ ಬಾಯಲ್ಲಿ ಹೇಳಿದರೆ, ಕೈ ತೋರಿಸಿದರೆ ಸಾಕು, ಎಲ್ಲಾ ನಡೆಯುತ್ತೆ" ಎಂಬ ಸಂದೇಶ ಓಡಾಡುತ್ತಿದೆ. ಮ್ಯಾಟರ್ ಎಂದರೆ ಬೇರೆ ಬೇರೆ ಕಂಪನಿಗಳ ಸ್ಮಾರ್ಟ್ ಸಾಧನಗಳಿಗೆ ಇರುವ ಒಂದು ಸಾಮಾನ್ಯ ಮಾನದಂಡ. ಆ ಸಂದೇಶದಲ್ಲಿ ಅರ್ಧ ಮಾತ್ರ ನಿಜ.

ಮ್ಯಾಟರ್‌ನ ಮೊದಲ ಆವೃತ್ತಿ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಸಾಧನಗಳು ವೈಫೈ ಅಥವಾ ಥ್ರೆಡ್ (ಕಡಿಮೆ ವಿದ್ಯುತ್ತಿನ ನಿಸ್ತಂತು ಜಾಲ) ಮೂಲಕ ಮನೆಯೊಳಗೇ ಮಾತಾಡಿಕೊಳ್ಳುವ ನಿಯಮ ಅದು. ಹಾಗಾಗಿ ನೆಟ್ ಇಲ್ಲದಿದ್ದರೂ ಮ್ಯಾಟರ್ ಸ್ವಿಚ್ಚಿನಿಂದ ಬಲ್ಬು ಹತ್ತಬಹುದು. ಒಂದೇ ಬಲ್ಬನ್ನು ಬೇರೆ ಬೇರೆ ಕಂಪನಿಗಳ ಆ್ಯಪ್‌ಗಳಿಗೂ ಸೇರಿಸಬಹುದು. ಇದು ದೊಡ್ಡ ಅನುಕೂಲ, ಅಲ್ವಾ?

ಆದರೆ ಮಾತನ್ನು ಅರ್ಥ ಮಾಡಿಕೊಳ್ಳುವುದು ಮ್ಯಾಟರ್‌ನ ಕೆಲಸವೇ ಅಲ್ಲ. ಹೆಚ್ಚಿನ ಸ್ಮಾರ್ಟ್ ಸ್ಪೀಕರ್‌ಗಳು ನಿಮ್ಮ ದನಿಯನ್ನು ಕಂಪನಿಯ ಸರ್ವರ್‌ಗೆ ಕಳಿಸುತ್ತವೆ. ನೆಟ್ ಹೋದರೆ ಅಲ್ಲೇ ನಿಂತಿತು. ಮನೆಯಲ್ಲೇ ದನಿ ಗುರುತಿಸಬೇಕಾದರೆ ಮನೆಯ ಕಂಪ್ಯೂಟರಿನಲ್ಲೇ ಓಡುವ 'ಹೋಮ್ ಅಸಿಸ್ಟೆಂಟ್' ತಂತ್ರಾಂಶಕ್ಕೆ, ದನಿಯನ್ನು ಬರಹವಾಗಿಸುವ ವಿಸ್ಪರ್‌ನಂಥ ಎಐ ಮಾದರಿ ಜೋಡಿಸಬಹುದು. ವಿಸ್ಪರ್ ಗುರುತಿಸುವ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಆದರೆ ಅದಕ್ಕೆ ಸಿಕ್ಕ ಕನ್ನಡ ದನಿಯ ತರಬೇತಿ ತೀರಾ ಕಡಿಮೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಬೆರಳು ತೋರಿಸಿ "ಅದನ್ನು ಆರಿಸು" ಅನ್ನುವುದು ಇನ್ನೂ ಕಷ್ಟ. "ಅದು" ಯಾವುದು ಎಂದು ತಿಳಿಯಲು ಕ್ಯಾಮೆರಾ ಕಂಡದ್ದನ್ನೂ ಮೈಕ್ ಕೇಳಿದ್ದನ್ನೂ ಸಮಯ ನೋಡಿ ಹೊಂದಿಸುವ ಪ್ರತ್ಯೇಕ ಭಾಗ ಬೇಕು. ಅಮೆರಿಕದ ಎಂಐಟಿಯಲ್ಲಿ 1980ರಲ್ಲೇ ಕೈ ತೋರಿಸುವುದನ್ನೂ ಮಾತನ್ನೂ ಹೀಗೆ ಹೊಂದಿಸಿ ತೋರಿಸಿದ್ದರು. ವೆಬ್‌ನ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ 2012ರ ತನ್ನ ಮಾನದಂಡದಲ್ಲಿ ಹೀಗೆ ಹೊಂದಿಸುವ ಕೆಲಸವನ್ನು 'ಇಂಟರಾಕ್ಷನ್ ಮ್ಯಾನೇಜರ್'ಗೆ ಕೊಟ್ಟಿದೆ. ಮ್ಯಾಟರ್‌ನಲ್ಲಿ ಆ ಭಾಗ ಇಲ್ಲ. ಬಲ್ಬಿನ ಡಬ್ಬದ ಮೇಲಿನ ಲೋಗೋ ನೋಡಿ ಅದನ್ನು ನಿರೀಕ್ಷಿಸಬೇಡಿ.