ಮನೆ ಸರ್ವರ್ ಹೊರಗಿಂದ ಸಿಗದಿದ್ದರೆ ಮೊದಲು ವ್ಯಾನ್ ಐಪಿ ನೋಡಿ

ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಸ್ವಂತ ಸರ್ವರ್ ಇಟ್ಟುಕೊಳ್ಳುವುದು ಈಗ ಕಷ್ಟವೇನಲ್ಲ. ಫೋಟೊ, ಮಳೆ ಲೆಕ್ಕ, ಕಾಫಿ ಕಣದ ಕ್ಯಾಮೆರಾ ಎಲ್ಲ ಅದರಲ್ಲೇ. ಮನೆಯೊಳಗೆ ಚೆನ್ನಾಗಿ ತೆರೆಯುತ್ತದೆ; ಹಾಸನಕ್ಕೆ ಹೋಗಿ ಮೊಬೈಲ್‌ನಲ್ಲಿ ನೋಡಿದರೆ ಸಿಗುವುದಿಲ್ಲ. ಆಗ ಪೋರ್ಟ್ ಫಾರ್ವರ್ಡಿಂಗ್ (ಹೊರಗಿಂದ ಬಂದ ಕೋರಿಕೆಯನ್ನು ರೂಟರ್ ಸರ್ವರಿಗೆ ದಾಟಿಸುವ ಏರ್ಪಾಡು) ವಿಡಿಯೊ ನೋಡಿಕೊಂಡು ರೂಟರ್ ಸೆಟ್ಟಿಂಗ್ ಬದಲಿಸುತ್ತ ಕೂರಬೇಡಿ. ಎಷ್ಟೋ ಮನೆಗಳಲ್ಲಿ ಅದರಿಂದ ಏನೂ ಆಗುವುದಿಲ್ಲ.

ರೂಟರ್ ಸೆಟ್ಟಿಂಗ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಇಂಟರ್ನೆಟ್ ಕಡೆಯಿಂದ ರೂಟರಿಗೆ ಸಿಕ್ಕ ವಿಳಾಸ, ಏನಿದೆ ಬರೆದಿಟ್ಟುಕೊಳ್ಳಿ. ಆಮೇಲೆ ಅದೇ ವೈಫೈನಲ್ಲಿ, ನಿಮ್ಮ ಐಪಿ ತೋರಿಸುವ ಯಾವುದಾದರೂ ಜಾಲತಾಣ ತೆರೆಯಿರಿ. ಎರಡೂ ಒಂದೇ ಆಗಿದ್ದರೆ ಪೋರ್ಟ್ ಫಾರ್ವರ್ಡಿಂಗ್ ನಡೆಯುತ್ತದೆ. ವ್ಯಾನ್ ಐಪಿ 100.64ರಿಂದ 100.127ರೊಳಗೆ ಇದ್ದರೆ ಅದು ಸಿಜಿನ್ಯಾಟ್. 2012ರಲ್ಲಿ ಈ ವಿಳಾಸಗಳ ಗುಂಪನ್ನು ಅದಕ್ಕೆಂದೇ ಮೀಸಲಿಟ್ಟರು. ಸಿಜಿನ್ಯಾಟ್ ಅಂದರೆ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿರುತ್ತವೆ, ಹೊರಗಿಂದ ಬಂದ ಕೋರಿಕೆ ಇಂಟರ್ನೆಟ್ ಕಂಪನಿಯ ಉಪಕರಣದಲ್ಲೇ ನಿಂತುಬಿಡುತ್ತದೆ. ನಿಮ್ಮ ರೂಟರ್‌ಗೆ ಅದು ಮುಟ್ಟುವುದೇ ಇಲ್ಲ. ವ್ಯಾನ್ ಐಪಿ 192.168 ಎಂದು ಶುರುವಾದರೆ ಸಾಮಾನ್ಯವಾಗಿ ಮನೆಯಲ್ಲೇ ಎರಡು ರೂಟರ್ ಸಾಲಾಗಿ ಕೂತಿವೆ ಎಂದರ್ಥ: ಫೈಬರ್ ಪೆಟ್ಟಿಗೆಯನ್ನು ಬ್ರಿಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವಂತೆ) ಹಾಕಿಸಿ, ಇಲ್ಲವೇ ನಿಮ್ಮ ರೂಟರನ್ನು ವೈಫೈ ಮಾತ್ರ ಕೊಡುವ ಆಕ್ಸೆಸ್ ಪಾಯಿಂಟ್ ಮಾಡಿ. (ಟೇಲ್‌ಸ್ಕೇಲ್ ಎಂಬ ವಿಪಿಎನ್ ಸೇವೆ ಸಾಧನಗಳಿಗೆ ಕೊಡುವ ವಿಳಾಸವೂ ಇದೇ 100.64 ಗುಂಪಿನದು. ಅದನ್ನು ನೋಡಿ ಸಿಜಿನ್ಯಾಟ್ ಅಂದುಕೊಳ್ಳಬೇಡಿ.)

ಮನೆಯ ಇನ್ನೊಂದು ಫೋನಿನಲ್ಲೂ ಸಿಗದಿದ್ದರೆ ತೊಂದರೆ ಒಳಗಿದೆ. ಸರ್ವರಿನ ತಂತ್ರಾಂಶ 127.0.0.1ಕ್ಕೆ ಮಾತ್ರ ಕಟ್ಟಿಕೊಂಡಿದ್ದರೆ ಆ ಯಂತ್ರಕ್ಕಷ್ಟೇ ಕಾಣುತ್ತದೆ, 0.0.0.0 (ಯಂತ್ರದ ಎಲ್ಲ ವಿಳಾಸಗಳು) ಅಥವಾ ಸರ್ವರಿನ ಮನೆಯೊಳಗಿನ ಐಪಿಗೆ ಬದಲಿಸಿ. ಫೋನು ಗೆಸ್ಟ್ ವೈಫೈನಲ್ಲಿದೆಯೇ ನೋಡಿ, ಅಲ್ಲಿಂದ ಮನೆಯ ಉಳಿದ ಸಾಧನಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಇನ್ನು ಹೊರಗಿನ ಪರೀಕ್ಷೆಯನ್ನು ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲೇ ಮಾಡಬೇಕು, ಏಕೆಂದರೆ ಸಾರ್ವಜನಿಕ ವಿಳಾಸವನ್ನು ಒಳಗಿನಿಂದ ಕರೆದರೆ ಕೆಲವು ರೂಟರ್‌ಗಳು ವಾಪಸ್ ತಿರುಗಿಸುವುದಿಲ್ಲ.

ಸಿಜಿನ್ಯಾಟ್ ಇದ್ದರೂ ಐಪಿವಿ6 (ಹಂಚಿಕೊಳ್ಳಬೇಕಿಲ್ಲದ ಹೊಸ ಬಗೆಯ ಐಪಿ ವಿಳಾಸ) ಇರಬಹುದು. ಸರ್ವರ್‌ಗೆ 2ರಿಂದ ಶುರುವಾಗುವ ವಿಳಾಸ ಸಿಕ್ಕಿದ್ದರೆ ರೂಟರಿನ ಐಪಿವಿ6 ಫೈರ್‌ವಾಲ್‌ನಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ (ಸುರಕ್ಷಿತ ಸುರಂಗ) ತಂತ್ರಾಂಶದ ಯುಡಿಪಿ ಪೋರ್ಟ್ 51820 ಒಂದನ್ನೇ ಬಿಡಿ. ಕ್ಯಾಮೆರಾ ಪೋರ್ಟ್, ಬರೀ ಪಾಸ್‌ವರ್ಡ್‌ನಿಂದ ತೆರೆಯುವ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ) ಪೋರ್ಟ್ ಇವನ್ನು ಲೋಕಕ್ಕೆಲ್ಲ ತೆರೆದಿಡುವುದು ತಪ್ಪು. ಈ ವಿಷಯದಲ್ಲಿ ನನಗೆ ರಾಜಿಯಿಲ್ಲ. ಐಪಿವಿ6 ಇಲ್ಲವೇ? ಸಣ್ಣ ವಿಪಿಎಸ್ (ಸಾರ್ವಜನಿಕ ವಿಳಾಸವಿರುವ ಆನ್‌ಲೈನ್ ಸರ್ವರ್) ಬಾಡಿಗೆಗೆ ಹಿಡಿದು, ಮನೆಯ ಸರ್ವರೇ ಅದಕ್ಕೆ ಹೊರಗೆ ಹೋಗಿ ವೈರ್‌ಗಾರ್ಡ್ ಸಂಪರ್ಕ ಮಾಡುವಂತೆ ಇಡಿ. ಮನೆಯ ಕಡೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ (ಸಂಪರ್ಕ ಉಳಿಸಲು ಆಗಾಗ ಕಳಿಸುವ ಪುಟ್ಟ ಸಂದೇಶ) 25 ಸೆಕೆಂಡ್ ಇರಲಿ. ಮಾತಿಲ್ಲದ ಯುಡಿಪಿ ಸಂಪರ್ಕವನ್ನು ನ್ಯಾಟ್ (ವಿಳಾಸ ಹಂಚುವ ವ್ಯವಸ್ಥೆ) ಬೇಗ ಮರೆಯುತ್ತದೆ, ಆಮೇಲೆ ಹೊರಗಿನಿಂದ ಎಬ್ಬಿಸಲಾಗುವುದಿಲ್ಲ.

ಸಂಪರ್ಕ ಆಗಿದೆ, ಪಿಂಗ್ ಬರುತ್ತದೆ, ಆದರೆ ಫೋಟೊ ಪುಟ ಅರ್ಧಕ್ಕೇ ನಿಲ್ಲುತ್ತದೆ: ಇದು ಎಂಟಿಯು (ಒಂದು ಸಲಕ್ಕೆ ಕಳಿಸಬಹುದಾದ ಪ್ಯಾಕೆಟ್‌ನ ಗರಿಷ್ಠ ಗಾತ್ರ) ತೊಂದರೆ. ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಬೈಟ್ ಹಿಡಿಯುತ್ತದೆ, ಪಿಪಿಪಿಒಇ (ಯೂಸರ್ ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ) ಲೈನಿನಲ್ಲಿ ಇರುವುದೇ 1492. ಐಪಿವಿ6 ಮೇಲೆ ಸುರಂಗಕ್ಕೆ 80 ಬೈಟ್ ಕಳೆದರೆ 1412. ಮೊದಲು 1280 ಹಾಕಿ ನೋಡಿ, ಪುಟ ಪೂರ್ತಿ ಬಂದರೆ ಆಮೇಲೆ ಏರಿಸಿ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಸರ್ವರ್ ಕಾಣೆಯಾದರೆ ಅದರ ಮನೆಯ ಐಪಿ ಬದಲಾಗಿರಬಹುದು. ರೂಟರಿನಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ (ಸರ್ವರಿಗೆ ಸದಾ ಒಂದೇ ವಿಳಾಸ ಕೊಡುವ ಆಯ್ಕೆ) ಮಾಡಿ. ಹಳೇ ಡೆಸ್ಕ್‌ಟಾಪ್ ಬಳಸುತ್ತಿದ್ದರೆ ಕರೆಂಟ್ ಬಂದೊಡನೆ ತಾನೇ ಆನ್ ಆಗುವ ಆಯ್ಕೆ ಬಯೋಸ್‌ನಲ್ಲಿರುತ್ತದೆ. ಯುಪಿಎಸ್‌ಗೆ ಸರ್ವರ್ ಜೊತೆ ಫೈಬರ್ ಪೆಟ್ಟಿಗೆ ಮತ್ತು ರೂಟರನ್ನೂ ಸೇರಿಸಿ.

ಮನೆಯಿಂದ ಗೋಡೌನ್‌ಗೆ ಎಳೆದ ತಾಮ್ರದ ಎತರ್ನೆಟ್ ಕೇಬಲ್ 100 ಮೀಟರ್ ದಾಟಬಾರದು. ಅಷ್ಟರೊಳಗೇ ಇದ್ದರೂ ಬಯಲಿನಲ್ಲಿ ಹಾದುಹೋದರೆ ಸಿಡಿಲಿನ ಸಮಯದಲ್ಲಿ ಎರಡೂ ತುದಿಯ ಪೋರ್ಟ್ ಸುಡಬಹುದು. ಅಲ್ಲಿಗೆ ಲೋಹದ ತಂತಿಯಿಲ್ಲದ ಫೈಬರ್ ಎಳೆದು, ಎರಡೂ ಕಡೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಎತರ್ನೆಟ್‌ಗೆ ಜೋಡಿಸುವ ಪೆಟ್ಟಿಗೆ) ಹಾಕಿ.