ಬೀಸುಕಲ್ಲಿನ ಮೇಲೆ ಮನಿಪ್ಲಾಂಟು

ಆ ರೀಲು ನಿಮಗೂ ಬಂದಿರುತ್ತದೆ. ನಮ್ಮ ಓಣಿಯ ವಾಟ್ಸ್‌ಆ್ಯಪ್ ಗುಂಪಿಗೆ ನಾಲ್ಕು ಸಲ ಬಂತು. ನಾಲ್ಕೂ ಸಲ ಅದೇ ನಿವೃತ್ತ ಹೆಡ್‌ಮಾಸ್ತರರು 'ಅದ್ಭುತ' ಎಂದು ಕೈಮುಗಿದರು. ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ಒಣಮೆಣಸಿನಕಾಯಿ ರಾಶಿಯ ಮುಂದೆ ಇಂಟೀರಿಯರ್ ಸ್ಟೈಲಿಸ್ಟ್ ಒಬ್ಬರು ನಿಂತು, ಕಣ್ಣು ಅರ್ಧ ಮುಚ್ಚಿ, 'ಸ್ಫೂರ್ತಿಗಾಗಿ ನಾನು ಇಟಲಿಗೆ ಹೋಗೋದಿಲ್ಲ, ಪೇಟೆಗೆ ಬರ್ತೀನಿ. ಈ ಕೆಂಪು ನೋಡಿ. ಇದೇ ನನ್ನ ಮುಂದಿನ ಗೋಡೆ' ಎನ್ನುತ್ತಾರೆ. ಹಿಂದಿನಿಂದ ಅಂಗಡಿಯವನ ದನಿ ಸಣ್ಣಗೆ ಕೇಳುತ್ತದೆ: 'ಎಷ್ಟು ಕಟ್ಟಲಿರೀ?' ಇಡೀ ರೀಲಿನಲ್ಲಿ ತೂಕದ ಮಾತು ಅದೊಂದೇ.

ಬ್ಯಾಡಗಿ ಕೆಂಪು ಗೋಡೆಗೆ ಬಂದರೆ ನನ್ನದೇನೂ ತಕರಾರಿಲ್ಲ. ಖಾರ ಕಡಿಮೆ, ಬಣ್ಣ ಜಾಸ್ತಿ. ಸ್ಟೈಲಿಂಗ್ ಎಂಬ ಕಸುಬಿಗೆ ಇದಕ್ಕಿಂತ ಒಳ್ಳೆಯ ಲಾಂಛನ ಎಲ್ಲಿ ಸಿಗಬೇಕು? ಆ ಕಾಯಿಯ ಬಣ್ಣ ತೆಗೆದು ಲಿಪ್‌ಸ್ಟಿಕ್ಕಿಗೂ ಹಾಕುತ್ತಾರೆ, ಗೋಡೆ ಏನು ಮಹಾ. 2024ರ ಮಾರ್ಚ್‌ನಲ್ಲಿ ದರ ಕುಸಿದು ಬ್ಯಾಡಗಿ ಎಪಿಎಂಸಿಯಲ್ಲಿ ಗಾಡಿಗಳಿಗೆ ಬೆಂಕಿ ಬಿದ್ದ ದಿನವೂ ಅಲ್ಲಿ ಕೆಂಪು ಬೇಕಾದಷ್ಟಿತ್ತು. ಅವತ್ತು ಯಾರೂ ಶೇಡ್ ಕಾರ್ಡ್ ಹಿಡಿದುಕೊಂಡು ಬಸ್ ಹತ್ತಿದ್ದು ನನಗಂತೂ ನೆನಪಿಲ್ಲ.

ಇಷ್ಟಕ್ಕೆ ನಕ್ಕು ಮರೆತುಬಿಡುತ್ತಿದ್ದೆ. ಆದರೆ ರೀಲು ನನ್ನ ಅಳಿಯನಿಗೂ, ಅಂದರೆ ತಂಗಿಯ ಮಗನಿಗೂ ಹೋಗಿತ್ತು. ತಂಗಿಯ ಮನೆಗೆ ಈಗಷ್ಟೇ ಹೊಸ ಬಣ್ಣ, ಹೊಸ ಫರ್ಶಿ ಆಗಿದ್ದವು. ಒಬ್ಬ ಸ್ಟೈಲಿಸ್ಟ್ ಇದ್ದರೆ ಚೆಂದ ಎಂದು ಅವನಿಗೆ ಅನ್ನಿಸಿತು.

ಸ್ಟೈಲಿಸ್ಟ್ ಅಂದರೆ ಡಿಸೈನರ್ ಅಲ್ಲ, ಗೊತ್ತಿರಲಿ. ಅಳಿಯ ನನಗೆ ಬಿಡಿಸಿ ಹೇಳಿದ. ಗೋಡೆ ಎಲ್ಲಿ, ಸ್ವಿಚ್ ಎಲ್ಲಿ, ಕಪಾಟು ಎಷ್ಟು ಫೂಟು ಎಂದು ನೋಡುವವರು ಡಿಸೈನರ್. ಅದೆಲ್ಲ ಮುಗಿದ ಮೇಲೆ ಬಂದು, ಯಾವ ಸಾಮಾನು ಎಲ್ಲಿ ಇಟ್ಟರೆ ಕಣ್ಣಿಗೆ ಹಬ್ಬ ಎಂದು ಹೇಳಿ, ತಲೆದಿಂಬಿನ ಮಧ್ಯಕ್ಕೊಂದು ಗುದ್ದು ಕೊಟ್ಟು, ಫೋಟೊ ತೆಗೆದು ಹೋಗುವವರು ಸ್ಟೈಲಿಸ್ಟ್. ನನಗೆ ಥಟ್ಟನೆ ಅರ್ಥವಾಯಿತು. ಗಣಪತಿ ಕೂರಿಸುವ ದಿನ ನಮ್ಮ ದೊಡ್ಡವ್ವ ಮಾಡುತ್ತಿದ್ದ ಕೆಲಸವೇ. ಆಕೆ ಫೀ ತಗೊಳ್ಳುತ್ತಿರಲಿಲ್ಲ, ಬೈಯುತ್ತಿದ್ದಳು.

ಬಂದ ಹುಡುಗಿ ಒಳ್ಳೆಯವಳೇ. ಧಾರವಾಡದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಕಲಿತು ಬಂದವಳು. ಚಪ್ಪಲಿ ಹೊರಗೆ ಬಿಟ್ಟಳು, ಕೊಟ್ಟ ಚಹಾ ಕುಡಿದಳು. ಆಮೇಲೆ ನಡುಮನೆಯಲ್ಲಿ ಒಂದು ಸುತ್ತು ತಿರುಗಿ, 'ಆಂಟಿ, ಸ್ಫೂರ್ತಿ ಹೊರಗ ಹುಡುಕೂದು ಬ್ಯಾಡ್ರಿ, ನಿಮ್ಮ ದಿನನಿತ್ಯದಾಗನ ಐತಿ. ನಿಮ್ಮ ಅಜ್ಜಿ ಬಳಸತಿದ್ದ ಸಾಮಾನು ಏನರೆ ಅದಾವೇನ್ರಿ?' ಎಂದು ಕೇಳಿದಳು.

ತಂಗಿ ನನ್ನ ಮುಖ ನೋಡಿದಳು, ನಾನು ಫ್ಯಾನು ನೋಡಿದೆ. ಅಜ್ಜಿಯ ಹಿತ್ತಾಳೆ ಸಾಮಾನೆಲ್ಲ ಗುಜರಿ ಕೊಳ್ಳುವ ಮೋಡಕಾದವನ ತಕ್ಕಡಿಗೆ ಹೋಗಿ ಸ್ಟೀಲಿನ ಡಬ್ಬಿಯಾಗಿ ವಾಪಸು ಬಂದಿತ್ತು. ಉಳಿದದ್ದು ಒಂದು ತಾಮ್ರದ ಹಂಡೆ ಮಾತ್ರ, ಅದೂ ತೂತು ಮುಚ್ಚಿಸಿದ್ದು. ಬೀಸುಕಲ್ಲು ಬೆಟಗೇರಿಯ ಹಳೇ ಮನೆಯಲ್ಲೇ ಉಳಿದು, ಮನೆಯ ಜೊತೆಗೇ ಮಾರಾಟವಾಗಿತ್ತು. ಅಜ್ಜಿಯ ಸ್ಫೂರ್ತಿ ಸಿಗದ ಕಾರಣ ಬೇರೆ ಯಾರದೋ ಅಜ್ಜಿಯ ಸ್ಫೂರ್ತಿಯನ್ನು 6,000 ರೂಪಾಯಿ ಕೊಟ್ಟು ತರಿಸಲಾಯಿತು. ಕಲ್ಲು ಟೆಂಪೊದಲ್ಲಿ ಬಂತು. ಹಮಾಲಿ ಬೇರೆ.

ಆ ಕಲ್ಲನ್ನು ನಾನು ಹತ್ತಿರದಿಂದ ನೋಡಿದೆ. ಗೂಟದ ಒಂದು ಮಗ್ಗುಲು ಬೆರಳು ಕೂಡುವಷ್ಟು ಸವೆದು ನುಣ್ಣಗಾಗಿತ್ತು. ಯಾವಳೋ ನಸುಕಿನಲ್ಲಿ ಎದ್ದು ವರ್ಷಾನುಗಟ್ಟಲೆ ಅದೇ ಮಗ್ಗುಲು ಹಿಡಿದಿದ್ದಾಳೆ. ಕಲ್ಲು ನುಣುಪಾದರೆ ಜೋಳ ಒಡೆಯುವುದಿಲ್ಲ ಎಂದು ಉಳಿ ಹಿಡಿದು ಮತ್ತೆ ಒರಟು ಮಾಡಿಕೊಡುವವರು ಆಗ ಓಣಿಯಲ್ಲಿ ಕೂಗುತ್ತ ಬರುತ್ತಿದ್ದರು. ಹುಡುಗಿ ಆ ಉಳಿಪೆಟ್ಟುಗಳ ಮೇಲೆ ಕೈಯಾಡಿಸಿ 'ಏನ್ ಟೆಕ್ಸ್ಚರ್!' ಎಂದಳು. ಕಲ್ಲಿನ ನಡುವಿನ ತೂತಿಗೆ ಮನಿಪ್ಲಾಂಟಿನ ಗಾಜಿನ ಸೀಸೆ ಸರಿಯಾಗಿ ಕೂತಿತು. ಜೋಳ ಹಾಕುವ ಜಾಗ ಅದು. ತಂಗಿ ಮಾತ್ರ ಗೂಟ ಮುಟ್ಟಿ, 'ಯಾರ್ ಕೈ ಸವದಾವೋ ಏನೋ' ಎಂದು ಹೇಳಿ ಒಳಗೆ ಹೋದಳು.

ಸ್ಟೈಲಿಂಗಿನಲ್ಲಿ ಮೂರರ ನಿಯಮ ಅಂತ ಒಂದಿದೆ. ಮೇಜಿನ ಮೇಲೆ ಏನಿಟ್ಟರೂ ಬೆಸ ಸಂಖ್ಯೆಯಲ್ಲಿ ಇಡಬೇಕು, ಮೂರಿದ್ದರೆ ಉತ್ತಮ. ಮೂರು ಮಂದಿ ಕೂಡಿ ಹೊರಟರೆ ಕೆಲಸ ಕೆಡುತ್ತದೆ ಎಂದು ಬಾಗಿಲಿನಿಂದ ಒಬ್ಬರನ್ನು ವಾಪಸು ಕರೆಯುವ, ಮೂರು ಹೋಳಿಗೆ ಬಡಿಸಲು ಒಪ್ಪದ ಮನೆತನ ನಮ್ಮದು. ಹುಡುಗಿ ಅತ್ತ ಹೋದ ಕೂಡಲೇ ತಂಗಿ ಒಂದು ಪುಸ್ತಕ, ಒಂದು ಮೇಣದಬತ್ತಿ, ಒಂದು ಮಣ್ಣಿನ ಕುಡಿಕೆಯ ಪಕ್ಕಕ್ಕೆ ಅಮೃತಾಂಜನದ ಡಬ್ಬಿ ತಂದಿಟ್ಟು ನಾಲ್ಕು ಮಾಡಿದಳು. ಹುಡುಗಿ ಬಂದು ತೆಗೆದಳು. ತಂಗಿ ಮತ್ತೆ ಇಟ್ಟಳು. ಈ ಮೌನ ಕದನ ಸಂಜೆ ತನಕ ನಡೆಯಿತು.

ಕೌದಿಯದು ಇನ್ನೊಂದು ಕತೆ. ಹಳೇ ಸೀರೆ, ಹರಿದ ಧೋತರ ಪದರು ಪದರಾಗಿ ಹಾಕಿ ಕೈಹೊಲಿಗೆ ಹಾಕಿದ ಒಳ್ಳೆಯ ಕೌದಿ. ಅದನ್ನು ಗೋಡೆಗೆ ಕಟ್ಟಿಗೆಯ ಕೋಲಿಗೆ ತೂಗುಹಾಕಿದರು. ಹೆಸರು 'ಟೆಕ್ಸ್‌ಟೈಲ್ ಆರ್ಟ್'. ಪಕ್ಕದ ಮನೆಯ ಆಯಿ ಬಂದವರು ಬಾಗಿಲಲ್ಲೇ ನಿಂತು, 'ಯಾಕವಾ, ಮನಿ ಒಳಗ ಒಣಗಾಕ ಹಾಕೀರಿ? ಹುಡುಗ ಉಚ್ಚಿ ಹೊಯ್ಕೊಂಡಾನೇನು?' ಎಂದರು. ಆಯಿಯ ಲೆಕ್ಕದಲ್ಲಿ ಕೌದಿ ಹಾಸಿಗೆಯ ಮೇಲಿರಬೇಕು, ಇಲ್ಲವೆಂದರೆ ಏನೋ ಅನಾಹುತ ಆಗಿದೆ ಎಂದರ್ಥ.

ಕಸೂತಿಯ ವಿಷಯಕ್ಕೆ ಬಂದರೆ ನಾನು ಸ್ವಲ್ಪ ದಾರಿ ತಪ್ಪುತ್ತೇನೆ, ತಡೆಯಬೇಡಿ. ನಮ್ಮತ್ತೆ ಧಾರವಾಡದವರು, ಕಸೂತಿ ಹಾಕುತ್ತಿದ್ದರು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕೇ ಹೊಲಿಗೆ. ಬಟ್ಟೆಯ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವಂತಿಲ್ಲ, ಇಳಕಲ್ ಸೀರೆಯ ಎಳೆ ಎಣಿಸಿ ಎಣಿಸಿಯೇ ಸೂಜಿ ಹಾಕಬೇಕು. ಗಂಟು ಹಾಕುವಂತಿಲ್ಲ. ಒಂದು ಎಳೆ ತಪ್ಪಿದರೆ ತೇರಿನ ಗಾಲಿ ಆನೆಯ ಹೊಟ್ಟೆಗೆ ಹೋಗುತ್ತದೆ. ಗವಂತಿಯಲ್ಲಿ ಸೂಜಿ ಹೋದ ದಾರಿಯಲ್ಲೇ ಬಿಟ್ಟ ಜಾಗ ತುಂಬುತ್ತ ವಾಪಸು ಬರುತ್ತದೆ, ಹಾಗಾಗಿ ಸೆರಗು ತಿರುವಿದರೂ ಚಿತ್ರ ಹಾಗೇ. ಇನ್ನು ಚಿತ್ರಗಳು ಯಾವುವು? ಗುಡಿಯ ಗೋಪುರ, ತೇರು, ತುಳಸಿಕಟ್ಟೆ, ನವಿಲು, ತೊಟ್ಟಿಲು. ದಿನಾ ನೀರಿಗೆ ಹೋಗುವಾಗ ಕಂಡದ್ದು, ಜಾತ್ರೆಯಲ್ಲಿ ಕಂಡದ್ದು. ದಿನನಿತ್ಯದ ಸ್ಫೂರ್ತಿ ಎಂದು ಈಗ ಕಾರ್ಯಾಗಾರ ಮಾಡಿ ಕಲಿಸುತ್ತಾರಲ್ಲ, ಅದನ್ನು ಹೊಗೆ ತುಂಬಿದ ಅಡುಗೆಮನೆಯಿಂದ ಎದ್ದು ಬಂದು, ಮಧ್ಯಾಹ್ನದ ಒಂದು ತಾಸಿನಲ್ಲಿ ಮಾಡಿದವರು ಅವರು. ಯಾರ ಸೆರಗಿನ ಮೇಲೂ ಯಾರ ಸಹಿಯೂ ಇಲ್ಲ.

ತಂಗಿಯ ಮನೆಗೆ ಬಂದ ಕಸೂತಿ ಗಾಜಿನ ಫ್ರೇಮಿನಲ್ಲಿತ್ತು. ಬಣ್ಣ ಚೆನ್ನಾಗಿತ್ತು. ಅತ್ತೆಯ ಚಟ ನನಗೂ ಅಂಟಿದೆ, ಇಳಿಸಿ ಹಿಂದೆ ತಿರುವಿದೆ. ಹಿಂದೆ ಬಿಳಿ ಹಾಳೆ. ಅದು ಬಟ್ಟೆಯೇ ಅಲ್ಲ, ಪ್ರಿಂಟು.

'ಅಂಕಲ್, ಹಿಂದಿಂದು ಯಾರ್ ನೋಡ್ತಾರ್ರೀ?' ಎಂದಳು ಹುಡುಗಿ, ಪಾಪ, ನಿಜವಾಗಿಯೂ ಆಶ್ಚರ್ಯಪಟ್ಟು.

ಈ ವಾಕ್ಯವನ್ನು ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿನಗರದ ಲಾಂಛನದ ಕೆಳಗೆ ಕೆತ್ತಿಸಬಹುದು. ಹಿಂದಿನದು ಯಾರು ನೋಡುತ್ತಾರೆ? ಕಂಪೌಂಡ್ ಗೋಡೆಯ ಮೇಲೆ ವಾರ್ಲಿ ಗೊಂಬೆಗಳು ಕೈ ಕೈ ಹಿಡಿದು ಕುಣಿಯುತ್ತವೆ, ಗೋಡೆಯ ಹಿಂದೆ ಹಂದಿಗಳು. ಅಷ್ಟಕ್ಕೂ ವಾರ್ಲಿ ಮಹಾರಾಷ್ಟ್ರದ ಠಾಣೆ, ಪಾಲ್ಘರ್ ಕಡೆಯ ಆದಿವಾಸಿಗಳ ಚಿತ್ರ. ಅವರ ಮೇಲೆ ನನಗೆ ಗೌರವವಿದೆ. ಆದರೆ ಜಿಐ ಟ್ಯಾಗ್ ಪಡೆದ ಕಸೂತಿಯ ಊರಿನಲ್ಲಿ ಗೋಡೆ ಬಳಿಯುವವರಿಗೆ ಒಂದು ತುಳಸಿಕಟ್ಟೆ ಹೊಳೆಯಲಿಲ್ಲವೇ? ಎಳೆ ಎಣಿಸುವ ತ್ರಾಸಿಲ್ಲ, ಬ್ರಷ್ಷಿನ ಕೆಲಸ. ಖಾದಿಯದೂ ಹೀಗೇ. ಸೋಫಾದ ಮೇಲೆ ಖಾದಿ ದಿಂಬು ಇಟ್ಟರೆ ಅಭಿರುಚಿ. ಇಲ್ಲೇ ಬೆಂಗೇರಿಯಲ್ಲಿ ಹೆಣ್ಣುಮಕ್ಕಳು ಕೂತು ಖಾದಿಯ ರಾಷ್ಟ್ರಧ್ವಜ ಹೊಲಿಯುತ್ತಾರೆ. 2021ರ ಡಿಸೆಂಬರ್‌ನಲ್ಲಿ ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಾವುಟವೂ ನಡೆಯುತ್ತದೆ ಎಂದರು. ದಿಂಬಿಗೆ ಖಾದಿ, ಧ್ವಜಕ್ಕೆ ಪಾಲಿಯೆಸ್ಟರ್. ಸ್ಟೈಲಿಸ್ಟರು ಬಣ್ಣಗಳ ಹೊಂದಾಣಿಕೆಗೆ ಪ್ಯಾಲೆಟ್ ಅನ್ನುತ್ತಾರೆ. ಪ್ಯಾಲೆಟ್ ಎಂದರೆ ಇದು.

ಖಾಲಿ ಜಾಗಕ್ಕೂ ಒಂದು ಸೌಂದರ್ಯವಿದೆಯಂತೆ. ಅದಕ್ಕೆ ನಮ್ಮಲ್ಲಿ ಕೊರತೆಯಿಲ್ಲ. 2023ರಲ್ಲಿ ಉದ್ಘಾಟನೆಯಾದ, 1507 ಮೀಟರ್ ಉದ್ದದ, ಜಗತ್ತಿನಲ್ಲೇ ಉದ್ದವಾದ ರೈಲ್ವೆ ಪ್ಲಾಟ್‌ಫಾರ್ಮ್ ಹುಬ್ಬಳ್ಳಿಯಲ್ಲಿದೆ. ಬೋಗಿ ಆ ತುದಿಯಲ್ಲಿ, ನಾವು ಈ ತುದಿಯಲ್ಲಿ, ತಲೆಯ ಮೇಲೆ ಜೋಳದ ಚೀಲ.

ಇಂಡಸ್ಟ್ರಿಯಲ್ ಲುಕ್ ಎಂದು ಇನ್ನೊಂದು. ಕಾಂಕ್ರೀಟು ಹಸಿಯಾಗಿ ಬಿಡುವುದು, ಕಬ್ಬಿಣ ಕಾಣುವಂತಿಡುವುದು, ಪೈಪು ಮುಚ್ಚದಿರುವುದು. ಇದಕ್ಕೆ ದುಡ್ಡು ಕೊಡುವವರಿದ್ದಾರೆ! ಚೆನ್ನಮ್ಮ ಸರ್ಕಲ್ಲಿನ ಸುತ್ತ ನಮಗೆ ಇದು ಪುಕ್ಕಟೆ ಸಿಕ್ಕಿದೆ ಎಂದು ಬರೆದು ನಗಿಸಬೇಕೆಂದುಕೊಂಡಿದ್ದೆ. ಬರೆಯಲು ಕೂತರೆ ಆಗುತ್ತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹಳೇ ಕೋರ್ಟ್ ಸರ್ಕಲ್ ಹತ್ತಿರ ಫ್ಲೈಓವರ್ ಕಾಮಗಾರಿಯ ಮೇಲಿಂದ ಕಬ್ಬಿಣದ ರಾಡು ಬಿತ್ತು. ಕೆಳಗೆ ಬೈಕಿನಲ್ಲಿ ಹೊರಟಿದ್ದ ಪೊಲೀಸ್ ಎಎಸ್‌ಐ ಒಬ್ಬರ ತಲೆಗೆ ಪೆಟ್ಟಾಗಿ, ಕೆಲವು ದಿನಗಳ ಮೇಲೆ ಅವರು ತೀರಿಕೊಂಡರು. ಮೇಲೆ ಕಬ್ಬಿಣದ ಕೆಲಸ ನಡೆದಾಗ ಕೆಳಗೆ ಮಂದಿ ಹಾಯಬಾರದು ಅನ್ನುವುದಕ್ಕೆ ಯಾವ ಸ್ಫೂರ್ತಿ ಬೇಕಿತ್ತು? ಮನೆ ಮುಂದೆ ಗಿಡ ಕಡಿಯುವ ಆಳು ಕೂಡ 'ಸರೀರಿ' ಎಂದು ಒದರುತ್ತಾನೆ. ನನಗೆ ಈಗ ವಯಸ್ಸಾಗಿದೆ, ಸಿಟ್ಟು ಮೊದಲಿನ ಹಾಗೆ ಬರುವುದಿಲ್ಲ, ಸುಸ್ತು ಬರುತ್ತದೆ. ಆ ಸರ್ಕಲ್ಲು ದಾಟುವಾಗ ಇವತ್ತಿಗೂ ಕತ್ತು ಎತ್ತಿ ಮೇಲೆ ನೋಡುತ್ತೇನೆ.

ಹೋಗಲಿ. ನೀಲಿ ಡ್ರಮ್ಮಿನ ವಿಷಯ ಹೇಳಬೇಕಿತ್ತು.

ತಂಗಿಯ ಅಡುಗೆಮನೆಯ ಮೂಲೆಯಲ್ಲಿ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು ಇದೆ. ಯಾವುದೋ ಕಾರ್ಖಾನೆಯದು, ಮೇಲಿನ ಅಕ್ಷರ ಅಳಿಸಿಹೋಗಿವೆ, ಬಾಯಿ ಕೊರೆದದ್ದು ಸೊಟ್ಟ. ಅದರ ಪಕ್ಕ ಹನ್ನೆರಡು ಕೊಡ. ದಿನನಿತ್ಯ ಎಂದರೆ ನಮ್ಮೂರಿನಲ್ಲಿ ಬೀಸುಕಲ್ಲಲ್ಲ, ಇದು. ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ 2008ರಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ತಾಸು ನೀರು ಬಂತು. ಆ ವಾರ್ಡಿನವರು ಬೀಗರಾದರೆ ಮದುವೆಯಲ್ಲಿ ಅವರದೇ ಮೇಲುಗೈ. ತಂಗಿಯ ಓಣಿ ಮಲಪ್ರಭೆಯ ದಾರಿ ಕಾಯುವ ಓಣಿ. ನಳ ಬರುವುದು ಎಂಟು ದಿನಕ್ಕೊಮ್ಮೆ. ನೀರು ಬಿಡುವವನ ಮನಸ್ಸಿದ್ದರೆ ಏಳಕ್ಕೆ.

ಸ್ಫೂರ್ತಿ ಹುಡುಕುವ ಕಣ್ಣು ಡ್ರಮ್ಮಿನ ಮೇಲೆ ಬಿದ್ದದ್ದೇ ಮುಚ್ಚಿಕೊಂಡಿತು. 'ಆಂಟಿ, ಈ ನೀಲಿ ನಮ್ಮ ಪ್ಯಾಲೆಟ್ಟಿಗೆ ಹೊಂದೂದಿಲ್ರೀ.' ಡ್ರಮ್ಮಿಗೆ ಸೆಣಬಿನ ಹಗ್ಗ ಸುತ್ತುವ ಮಾತು ಬಂತು, ಕೊನೆಗೆ ಅದು ಮಾಳಿಗೆಗೆ ಹೋಯಿತು. ಕೊಡಗಳೂ ಹಿಂದೆ ಹೋದವು. ತಾಮ್ರದ ಹಂಡೆಯ ಅದೃಷ್ಟ ದೊಡ್ಡದು, ಹುಣಸೆಹಣ್ಣು ಹಚ್ಚಿಸಿಕೊಂಡು, ಪಾಮ್ ಗಿಡ ಹೊತ್ತು ಬಾಗಿಲ ಬದಿಗೆ ನಿಂತಿತು. ಫೋಟೊ ತೆಗೆಯುವುದು ಮರುದಿನ ಬೆಳಕಿಗೆ ಎಂದು ಗೊತ್ತಾಯಿತು.

ಅವತ್ತು ರಾತ್ರಿ ನಾನು ಅಲ್ಲೇ ಉಳಿದಿದ್ದೆ. ಎರಡು ಗಂಟೆಗೆ ಓಣಿಯಿಂದ ಯಾರೋ ಕೂಗಿದರು: 'ನಳಾ ಬಂತ್ರವಾ!' ಆ ಕೂಗಿಗೆ ಹುಬ್ಬಳ್ಳಿಯಲ್ಲಿ ಸತ್ತವರೂ ಏಳುತ್ತಾರೆ. ಅಳಿಯ ಮಾಳಿಗೆಯಿಂದ ಡ್ರಮ್ಮು ಉರುಳಿಸಿಕೊಂಡೇ ಇಳಿದ, ಹೊಸ ಬಣ್ಣದ ಗೋಡೆಗೆ ನೀಲಿ ಗೀರು ಬಿತ್ತು. ತಂಗಿ ಪಾಮ್ ಗಿಡವನ್ನು ಜುಟ್ಟು ಹಿಡಿದು ಎತ್ತಿ ಮೆಟ್ಟಿಲ ಮೇಲಿಟ್ಟಳು, ಹಂಡೆ ತೊಳೆದಳು. ಸೀರೆಯ ಅರಿವೆ ಬಾಯಿಗೆ ಕಟ್ಟಿ ಕೊಡ ತುಂಬಿದೆವು. ಕೊಡ ಮುಗಿದ ಮೇಲೆ ಬೋಗುಣಿ, ಬೋಗುಣಿ ಮುಗಿದ ಮೇಲೆ ಕುಕ್ಕರು. ಮೂರರ ನಿಯಮದ ಮಣ್ಣಿನ ಕುಡಿಕೆಗೂ ನೀರು ಬಿತ್ತು. ನಾಲ್ಕಕ್ಕೆ ನಳ ಕೆಮ್ಮಿ ನಿಂತಿತು.

ಒಂಬತ್ತಕ್ಕೆ ಹುಡುಗಿ ಕ್ಯಾಮೆರಾದವನೊಂದಿಗೆ ಬಂದಳು. ನಡುಮನೆ ನೋಡಿ ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಕಿಟಕಿಯ ಬಿಸಿಲು ಸಾಲು ಕೊಡಗಳ ಮೇಲೆ ಬಿದ್ದಿತ್ತು. ಆಕೆ ಕೈಯಲ್ಲಿ ಚೌಕಟ್ಟು ಮಾಡಿ ನೋಡಿ, 'ಆಂಟಿ, ಎಷ್ಟ್ ಛಂದ ಜೋಡಿಸೀರಿ! ಹಿಂಗ ಇರಲಿ. ಒಳಗಿನ ನೀರಷ್ಟು ಚೆಲ್ಲಿಬಿಡ್ರಿ, ಬೆಳಕು ತಳದ ತನಕಾ ಬೀಳ್ಬೇಕು' ಎಂದಳು.

ತಂಗಿ ಒದ್ದೆ ಸೆರಗು ಹಿಂಡುತ್ತಿದ್ದಳು.

'ಎಂಟ್ ದಿನಾ ಬಿಟ್ಟು ಬಾರವಾ,' ಎಂದಳು. 'ತಾವ ಖಾಲಿ ಆಗಿರ್ತಾವು.'