ಬೆವಿನ್ ಸಾಹೇಬರ ಟೋಪಿ

ಜನರಿಗೆ ಟೋಪಿ ಹಾಕದ ಸರ್ಕಾರ ಯಾವುದಿದೆ ಹೇಳಿ? ಆದರೆ ನಿಜವಾದ ಟೋಪಿಯನ್ನೇ ಮೇಜಿನ ಮೇಲಿಟ್ಟು, ಅದರೊಳಗೆ ಕೈಹಾಕಿ, ಕ್ರಮಬದ್ಧವಾಗಿ ಟೋಪಿ ಹಾಕಿದ ಕೀರ್ತಿ ಎರಡನೇ ಮಹಾಯುದ್ಧದ ಬ್ರಿಟನ್ ಸರ್ಕಾರದ್ದು.

ಯುದ್ಧ ಶುರುವಾದಾಗ ಕಲ್ಲಿದ್ದಲು ಗಣಿಯ ಗಟ್ಟಿಮುಟ್ಟಾದ ಆಳುಗಳು ಸೈನ್ಯಕ್ಕೆ ಹೊರಟರು. ಇನ್ನು ಕೆಲವರು ಜಾಸ್ತಿ ಕೂಲಿ ಕೊಡುವ ಕಾರ್ಖಾನೆಗಳಿಗೆ. ಹೋಗಿ ಬನ್ನಿ ಎಂದು ಸರ್ಕಾರ ಕಳಿಸಿಕೊಟ್ಟಿತು. 1943ರ ಹೊತ್ತಿಗೆ ಸುಮಾರು 36,000 ಮಂದಿ ಗಣಿ ಬಿಟ್ಟಿದ್ದರು. ಆಗ ಹೊಳೆಯಿತು ನೋಡಿ: ಟ್ಯಾಂಕಿಗೆ ಉಕ್ಕು ಬೇಕು, ಉಕ್ಕಿಗೆ ಕಲ್ಲಿದ್ದಲು ಬೇಕು, ಕಲ್ಲಿದ್ದಲು ತಾನಾಗಿ ಮೇಲೆ ಹತ್ತಿ ಬರುವುದಿಲ್ಲ!

ಕಾರ್ಮಿಕ ಮಂತ್ರಿ ಅರ್ನೆಸ್ಟ್ ಬೆವಿನ್ ಉಪಾಯ ಹುಡುಕಿದರು. 0ಯಿಂದ 9ರವರೆಗೆ ಹತ್ತು ಚೀಟಿ, ಒಂದು ಟೋಪಿ. ಸೈನ್ಯಕ್ಕೆ ಕರೆ ಬಂದ ಹುಡುಗರ ನೋಂದಣಿ ಸಂಖ್ಯೆಯ ಕೊನೆಯ ಅಂಕಿ ಚೀಟಿಯಲ್ಲಿ ಬಂದರೆ ಅವರು ಗಣಿಗೆ. 1943ರ ಡಿಸೆಂಬರ್ 14ರಂದು ಮೊದಲ ಸಲ ಎತ್ತಿದಾಗ 0 ಮತ್ತು 9 ಬಂದವು. ನಮ್ಮ ಕಡೆ ಚೀಟಿ ಎತ್ತಿದವರಿಗೆ ದುಡ್ಡಾದರೂ ಸಿಗುತ್ತದೆ, ಅಲ್ವಾ?

ಒಲ್ಲೆ ಅಂದರೆ ಜೈಲು. ಒಪ್ಪಿದರೆ ನಾಲ್ಕು ವಾರ ತರಬೇತಿ, ಒಂದು ಹೆಲ್ಮೆಟ್ಟು, ಒಂದು ಜೊತೆ ಬೂಟು. ವಿಮಾನ ಹಾರಿಸುತ್ತೇನೆ ಎಂದು ಆಕಾಶ ನೋಡುತ್ತಿದ್ದ ಹುಡುಗ ಈಗ ನೆಲದಡಿಯ ಕತ್ತಲಲ್ಲಿ ಬಂಡಿ ಎಳೆಯುವ ಗಿಡ್ಡ ಕುದುರೆಯ ಬಾಲ ನೋಡಿಕೊಂಡು ನಡೆಯಬೇಕು. ಅತ್ತ ಗಣಿಯಲ್ಲೇ ಪಳಗಿದವನು ಕೋವಿ ಹಿಡಿದು ಕವಾಯತು ಮಾಡುತ್ತಿದ್ದ.

ಇವರಿಗೆ ಸಮವಸ್ತ್ರ ಇರಲಿಲ್ಲ. ಹಾಗಾಗಿ ಬೀದಿಗೆ ಬಂದರೆ ಪೊಲೀಸರು ಹಿಡಿದು ನಿಲ್ಲಿಸುತ್ತಿದ್ದರು: ವಯಸ್ಸಿನ ಹುಡುಗ, ಮೈಮೇಲೆ ಸಾದಾ ಬಟ್ಟೆ, ಸೈನ್ಯದಿಂದ ಓಡಿಬಂದವನೇ ಇರಬೇಕು! ಗಣಿಗೆ ತಳ್ಳಿದ್ದೂ ಸರ್ಕಾರ, ಯಾಕಪ್ಪಾ ಯುದ್ಧಕ್ಕೆ ಹೋಗಿಲ್ಲ ಎಂದು ಕೇಳಿದ್ದೂ ಸರ್ಕಾರ.

ಸ್ವಂತ ಇಷ್ಟದಿಂದ ಬಂದವರೂ ಸೇರಿ ಒಟ್ಟು 48,000ದಷ್ಟು ‘ಬೆವಿನ್ ಬಾಯ್ಸ್’ ದುಡಿದರು. ಯುದ್ಧ 1945ರಲ್ಲಿ ಮುಗಿಯಿತು, ಇವರಲ್ಲಿ ಕೊನೆಯವರು ಬಿಡುಗಡೆಯಾದದ್ದು 1948ರಲ್ಲಿ. ಪದಕ ಇಲ್ಲ. ಸೈನಿಕರಿಗಿದ್ದಂತೆ ಹಳೆಯ ಕೆಲಸ ವಾಪಸ್ ಕೇಳುವ ಹಕ್ಕೂ ಇಲ್ಲ.

ಹಾಗಂತ ಸರ್ಕಾರ ಮರೆತೇಬಿಟ್ಟಿತು ಅನ್ನಬೇಡಿ. 2008ರಲ್ಲಿ ಕರೆದು ಒಂದು ಬ್ಯಾಡ್ಜ್ ಕೊಟ್ಟಿತು. ಮೊದಲ ಚೀಟಿಯ ಹುಡುಗರಿಗೆ ಆಗ ಎಂಬತ್ತು ದಾಟಿತ್ತು. ಅದೂ ಸುಮ್ನೆ ಮನೆಗೆ ಬರುವಂಥದ್ದಲ್ಲ, ಅರ್ಜಿ ಹಾಕಬೇಕಿತ್ತು.